ಗೋಡೆಗೆ ಹೇಳಿದ್ದು

ಈತನ ಹೆಸರು ಹೇಳುವುದಿಲ್ಲ. ಬೆಟಗೇರಿಯಲ್ಲಿ ಅದೇ ಹೆಸರಿನವರು ಇನ್ನೂ ಆರೇಳು ಮಂದಿ ಇದ್ದಾರೆ. ಹೇಳಿದರೆ ನಾಳೆ ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದು, ನಮ್ಮನ್ನು ಯಾವಾಗ ಕಿವುಡರನ್ನಾಗಿ ಮಾಡಿದಿರಿ ಎಂದು ಜಗಳ ತೆಗೆಯುತ್ತಾರೆ. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಗೌರವ ಕೊಟ್ಟು ಮಾತಾಡಿಸಿದರೆ ಹಿಂದೆ ತಿರುಗಿ ಯಾರು ಬಂದರು ಎಂದು ನೋಡುವ ಮನುಷ್ಯ. ಆದ್ದರಿಂದ ಇಲ್ಲಿಯೂ ಏಕವಚನವೇ ಇರಲಿ. ಚಾಚಾ ತೀರಿಕೊಂಡು ಎರಡು ತಿಂಗಳಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ನನ್ನ ಕೈಲಾದಷ್ಟು ಬರೆಯುತ್ತೇನೆ. ಆದರೆ ಹೊರಗಿನಿಂದ ಬಂದ ದೊಡ್ಡ ಮಂದಿಯ ಎದುರಿಗೆ ನನ್ನ ಮರ್ಯಾದೆಯನ್ನು ಹರಾಜಿಗೆ ಹಾಕಿದ ಮನುಷ್ಯನ ಬಗ್ಗೆ ಎಷ್ಟು ಒಳ್ಳೆಯದು ಬರೆದರೂ ಕಲಂ ನಡುವೆ ಒಂದೊಂದು ಸಲ ತಿರುಗಿ ಬೀಳುತ್ತದೆ.

ಚಾಚಾ ಪವರ್‌ಲೂಮ್ ಶೆಡ್ಡಿನಲ್ಲಿ ಜಾಬರ್ ಆಗಿದ್ದ. ಜಾಬರ್ ಎಂದರೆ ಮಗ್ಗಗಳ ಡಾಕ್ಟರು. ಮಗ್ಗ ನಿಂತರೆ, ಲಾಳಿ ಹಾರಿ ಹೊರಗೆ ಬಿದ್ದರೆ, ಸೀರೆಯ ಅಂಚು ಸೊಟ್ಟಗಾದರೆ ನೇಕಾರರು ಅವನನ್ನು ಕರೆಯುತ್ತಾರೆ. ಚಾಚಾ ಪಾನಾ ಹಿಡಿದು ಬರುತ್ತಿದ್ದ, ಆ ಮಗ್ಗ ತಯಾರು ಮಾಡಿದವನ ವಂಶವನ್ನು ಒಂದು ಸಲ ನೆನೆಯುತ್ತಿದ್ದ, ಒಂದು ಬೋಲ್ಟು ತಿರುವುತ್ತಿದ್ದ, ಮಗ್ಗ ನಡೆಯುತ್ತಿತ್ತು. ತಗಡಿನ ಶೆಡ್ಡಿನ ಕೆಳಗೆ ಇಪ್ಪತ್ನಾಲ್ಕು ಮಗ್ಗ ಒಟ್ಟಿಗೆ ಹೊಡೆದುಕೊಳ್ಳುವಾಗ ಹೊರಗಿನವರಿಗೆ ಐದು ನಿಮಿಷ ನಿಲ್ಲುವುದಾಗುವುದಿಲ್ಲ. ಚಾಚಾ ನಲವತ್ತು ವರ್ಷ ನಿಂತ. ಕೊನೆಗೆ ಅವನ ತಲೆಯ ಎರಡು ಬದಿಗೆ ಉಳಿದದ್ದು ಕಿವಿಯ ಆಕಾರ ಮಾತ್ರ. ಕಿವಿಯ ಹತ್ತಿರ ಬಂದು ಕೂಗಿದರೆ ಯಾರೋ ಮಾತಾಡುತ್ತಿದ್ದಾರೆ ಎಂಬಷ್ಟು ಗೊತ್ತಾಗುತ್ತಿತ್ತು, ಏನು ಎಂಬುದು ಗೊತ್ತಾಗುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಬಾಯಿಂದ ಮಾತಾಡುವ ಪದ್ಧತಿಯೇ ಇಲ್ಲ. ಅಲ್ಲಿ ಕೈಮಾತು. ನಮ್ಮ ಅಪ್ಪನೂ ಅಲ್ಲಿಯೇ ನೇಯುತ್ತಿದ್ದ, ಕಾಲೇಜಿನ ರಜೆಯಲ್ಲಿ ನಾನೂ ಅಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದ್ದೇನೆ. ಹೆಬ್ಬೆರಳು ತುಟಿಗೆ ತಂದರೆ ಚಹಾ. ಇಲ್ಲದ ಮೀಸೆ ತಿರುವಿದರೆ ಮಾಲೀಕ ಬಂದ. ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದು, ಆಮೇಲೆ ತೋರುಬೆರಳನ್ನು ಮುಂದಕ್ಕೆ ಚಿಮ್ಮಿದರೆ, ಹರಿದ ಎಳೆಗೆ ಗಂಟು ಹಾಕಿದೆ, ಮಗ್ಗ ಬಿಡು, ಮತ್ತೆ ನಡೆಯಲಿ ಎಂದರ್ಥ. ಇಬ್ಬರು ನೇಕಾರರು ಬೆಳಿಗ್ಗೆ ಕುತ್ತಿಗೆ ಹಿಡಿದು ಜಗಳಾಡಿದ್ದರೆ ಸಂಜೆ ಒಬ್ಬ ಇನ್ನೊಬ್ಬನಿಗೆ ಇದೇ ಸನ್ನೆ ಮಾಡುತ್ತಿದ್ದ. ಅಲ್ಲಿಗೆ ರಾಜಿ ಮುಗಿಯಿತು, ಬೇರೆ ಮಾತಿಲ್ಲ. ಉಳಿದ ಸನ್ನೆಗಳಲ್ಲಿ ಅರ್ಧಕ್ಕರ್ಧ ಬರೆಯಲು ಬರುವಂಥವಲ್ಲ. ಅದಕ್ಕೇ ಚಾಚಾ ಕೈಮಾತನ್ನು ಎಂದೂ ಮನೆಗೆ ಒಯ್ಯಲಿಲ್ಲ. ಶೆಡ್ಡಿನ ಹೊರಗೆ ಕೈಕಾಲು ತೊಳೆದುಕೊಳ್ಳುವಾಗ ಅದನ್ನೂ ಅಲ್ಲಿಯೇ ಬಿಟ್ಟು ಬರುತ್ತಿದ್ದ.

ಮನೆಗೆ ಬಂದ ಮೇಲೆ ತುಟಿ ಓದುತ್ತಿದ್ದ. ನಲವತ್ತು ವರ್ಷದ ಅಭ್ಯಾಸ, ಹತ್ತಾರು ಮಾರು ದೂರದಿಂದಲೂ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಇದು ಓಣಿಯ ಮಂದಿಗೆ ಗೊತ್ತಿರಲಿಲ್ಲ. ಕಿವುಡ ಚಾಚಾ ಕಟ್ಟೆಯ ಮೇಲೆ ಕೂತಿದ್ದಾನೆ, ಅವನಿಗೇನು ಕೇಳುತ್ತದೆ ಎಂದು ಎಲ್ಲರೂ ರಸ್ತೆಯ ಆಚೆ ನಿಂತು ತಮ್ಮ ತಮ್ಮ ಮನೆಯ ಹೂರಣವನ್ನೆಲ್ಲ ಬಿಚ್ಚುತ್ತಿದ್ದರು. ಚಾಚಾ ಚಿಟಿಕೆ ನಸ್ಯ ಏರಿಸಿಕೊಂಡು ಎಲ್ಲ ಓದುತ್ತಿದ್ದ. ಒಮ್ಮೆ ಓಟು ಕೇಳಲು ಬಂದವನೊಬ್ಬ ಕೈಮುಗಿದು, ಜೀಪು ಹತ್ತಿ, ಗಾಜು ಏರಿಸಿಕೊಂಡು ಪಕ್ಕದವನಿಗೆ ಏನೋ ಹೇಳಿದ. ಚಾಚಾ ಎದ್ದು ಹೋಗಿ ಗಾಜು ಬಡಿದ.

"ಇವರಿಗೆ ಎಷ್ಟ ಕೊಟ್ರೂ ಅಷ್ಟ ಅಂದ್ರೆಲ್ಲ ಸಾಹೇಬರ, ನಮಗ ಇನ್ನೂ ಏನೂ ಮುಟ್ಟಿಲ್ಲರಿ. ಯಾರ ಕಡೆ ಕೊಟ್ಟಿರಿ?" ಎಂದು ಕೇಳಿದ. ಜೀಪಿನವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಆಮೇಲೆ ನಮ್ಮ ಓಣಿಗೆ ಆ ಪುಣ್ಯಾತ್ಮ ಕಾಲಿಡಲಿಲ್ಲ. ನಾವೆಲ್ಲ ಅದನ್ನು ಚಾಚಾ ಕತ್ತಲಲ್ಲಿ ಬಿಟ್ಟ ಬಾಣ ಎಂದುಕೊಂಡೆವು.

ಚಾಚಾ ತುಟಿ ಓದುತ್ತಾನೆಂದು ಪೂರ್ತಿ ಗೊತ್ತಿದ್ದವಳು ಚಾಚಿ ಒಬ್ಬಳೇ. ಆಕೆಯ ತವರು ಹಮ್ಮಿಗಿ, ಹೊಳೆಯ ದಂಡೆ. ಬೀಗರ ಜೊತೆ ಉರ್ದು ಆಡಿದರೂ ಬೈಯುವುದು ಮಾತ್ರ ಅಚ್ಚ ಕನ್ನಡದಲ್ಲಿ. ಆಕೆಗೊಂದು ಪದ್ಧತಿ ಇತ್ತು. ಗಂಡನ ಎದುರಿಗೆ ನಿಂತಾಗ, "ಬರ್ರಿ, ಕುಂಡ್ರಿ, ಉಣ್ಣರಿ." ಅಷ್ಟು ಹೇಳಿ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಅಲ್ಲಿಂದ ಶುರು. ಬೆನ್ನು ಓದಲು ಚಾಚಾನಿಗೆ ಬರುತ್ತಿರಲಿಲ್ಲ. ಅಡುಗೆಮನೆಯ ಆ ಗೋಡೆ ನಲವತ್ತು ವರ್ಷ ಏನೇನು ಕೇಳಿತೋ. ಚಾಚಾ ಊಟ ಮಾಡುತ್ತ ಆ ಬೆನ್ನನ್ನು ನೋಡುತ್ತ ಕೂಡುತ್ತಿದ್ದ. ಸೆರಗು ಜೋರಾಗಿ ಅಲ್ಲಾಡಿದರೆ ದೊಡ್ಡ ತಪ್ಪು, ಮೆಲ್ಲಗೆ ಅಲ್ಲಾಡಿದರೆ ಸಣ್ಣ ತಪ್ಪು, ಅಷ್ಟೇ ಅವನಿಗೆ ತಿಳಿಯುತ್ತಿದ್ದುದು.

ಇನ್ನು ನನ್ನ ಸಂಗತಿ. ನಾನು ಇಲ್ಲಿಯೇ ಹತ್ತಿರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಕೆಲವು ವರ್ಷದ ಹಿಂದೆ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಕಿವಿಗೆ ಹಾಕುವ ಮಷೀನುಗಳು ಎಲ್ಲವನ್ನೂ ಜೋರು ಮಾಡುತ್ತವೆ. ಮಾತೂ ಜೋರು, ಪಾತ್ರೆ ಬಿದ್ದದ್ದೂ ಜೋರು, ಬಸ್ಸಿನ ಹಾರ್ನೂ ಜೋರು. ಸಂತೆಯಲ್ಲಿ ಅದನ್ನು ಹಾಕಿಕೊಂಡವನಿಗೆ ಕಿವುಡುತನವೇ ವಾಸಿ ಅನಿಸುತ್ತದೆ. ಹಾಗಾಗಿ ಗದ್ದಲದ ನಡುವಿನಿಂದ ಮಾತನ್ನಷ್ಟೇ ಹೆಕ್ಕಿ ಕೊಡುವುದನ್ನು ಮಷೀನಿಗೆ ಕಲಿಸಬೇಕು. ಕಲಿಸುವುದು ಹೇಗೆಂದರೆ, ಅದಕ್ಕೆ ಸಾವಿರಾರು ಸಲ ಗದ್ದಲ ಬೆರೆಸಿದ ಮಾತು ಕೇಳಿಸುವುದು, ಇದರಲ್ಲಿ ಮಾತು ಯಾವುದು ಹೇಳು ಎನ್ನುವುದು, ತಪ್ಪಿದರೆ ತಿದ್ದುವುದು. ದಡ್ಡ ಹುಡುಗರಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ಹಾಗೆ. ಮಷೀನು ಬೇಸರ ಮಾಡಿಕೊಳ್ಳುವುದಿಲ್ಲ, ನನ್ನ ವಿದ್ಯಾರ್ಥಿಗಳಿಗಿಂತ ಅದೊಂದೇ ಹೆಚ್ಚಿನ ಗುಣ.

ಮೊದಲ ಮಷೀನಿಗೆ ನಾನು ಕೊಟ್ಟ ಮಾತು ಬೆಂಗಳೂರಿನ ಕಡೆಯ ಸ್ಟುಡಿಯೋದಲ್ಲಿ ಯಾರೋ ಓದಿದ್ದು. ಕೊಟ್ಟ ಗದ್ದಲ ಯಾವುದೋ ಪರದೇಶದ ಹೋಟೆಲಿನ ಕಪ್ಪು-ಬಸಿಗಳ ಸದ್ದು. ಅದನ್ನೆಲ್ಲ ಒಂದು ಸಣ್ಣ ಡಬ್ಬಿಯಲ್ಲಿ ತುಂಬಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ವೈರು ಕಿವಿಗೆ ಸಿಕ್ಕಿಸುವ ಹಾಗೆ ಮಾಡಿದೆ. ಪರೀಕ್ಷೆಗೆ ಒಬ್ಬ ಕಿವುಡ ಬೇಕಾಗಿತ್ತು. ಗೋಡೆಯ ಆಚೆಯೇ ಒಬ್ಬನಿದ್ದ.

"ನಿನಗ ಇದರಿಂದ ಏನ ಸಿಗತೈತಿ?" ಎಂದು ಚಾಚಾ ಕೇಳಿದ.

"ನಿನಗ ಕೇಳಸ್ತೈತಿ, ನನಗ ಹೆಸರ ಬರ್ತೈತಿ" ಎಂದೆ.

"ಹಂಗಾರ ಹಾಕು. ನಿನ್ನ ಹೆಸರಿಗೆ ನನ್ನ ಕಿವಿ."

ದಿನಾ ಸಂಜೆ ನನ್ನ ಪಡಸಾಲೆಯಲ್ಲಿ ಪರೀಕ್ಷೆ ನಡೆಯಿತು. ಸ್ಪೀಕರಿನಲ್ಲಿ ಮಗ್ಗದ ಸದ್ದು ಹಚ್ಚುವುದು, ನಾನು ಎದುರಿಗೆ ಕೂತು ಒಂದೊಂದೇ ವಾಕ್ಯ ಹೇಳುವುದು, ಚಾಚಾ ಅದನ್ನು ತಿರುಗಿ ಹೇಳುವುದು. ಮೊದಲ ದಿನವೇ ಇಪ್ಪತ್ತಕ್ಕೆ ಹತ್ತೊಂಬತ್ತು. ಎರಡನೆಯ ದಿನ ಇಪ್ಪತ್ತಕ್ಕೆ ಇಪ್ಪತ್ತು. ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಸದ್ದು ಏರಿಸಿದೆ, ಗೋಡೆಯ ಮೇಲಿನ ಫೋಟೋಗಳು ನಡುಗಿದವು, ಆಗಲೂ ಇಪ್ಪತ್ತು. ತಪ್ಪಿದ ಒಂದು ವಾಕ್ಯವೂ ನಾನು ಸೀನಿದಾಗ ತಪ್ಪಿದ್ದು. ಇಷ್ಟು ಒಳ್ಳೆಯ ಫಲಿತಾಂಶ ಯಾಕೆ ಬರುತ್ತಿದೆ ಎಂದು ಒಂದು ಸಲವಾದರೂ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಒಳ್ಳೆಯ ಫಲಿತಾಂಶ ಬಂದಾಗ ಯೋಚನೆ ಮಾಡುವ ಮಾಸ್ತರನನ್ನು ನಾನಂತೂ ಇನ್ನೂ ಕಂಡಿಲ್ಲ. ಕೂತು ವರದಿ ಬರೆದೆ, ಇಂಥ ಕೆಲಸಕ್ಕೆ ಹಣ ಕೊಡುವವರಿಗೆ ಕಳಿಸಿದೆ.

ವರದಿ ನೋಡಿ ದೊಡ್ಡ ಊರಿನಿಂದ ನಾಲ್ಕು ಮಂದಿ ಬಂದರು. ಕಾಲೇಜಿನಲ್ಲಿ ದೊಡ್ಡ ಹಾಲ್, ಪರದೆಯ ಮೇಲೆ ಚಿತ್ರ ತೋರಿಸಲು ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಚಾಚಾ ಇಸ್ತ್ರಿ ಮಾಡಿದ ಅಂಗಿ, ಹೊಸ ಟೋಪಿ ಹಾಕಿಕೊಂಡು ಬಂದು ಮದುಮಗನ ಹಾಗೆ ಕುರ್ಚಿಯಲ್ಲಿ ಕೂತ. ಮಗ್ಗದ ಸದ್ದು ಹಚ್ಚಿದೆವು. ಬಂದವರು ಕಿವಿ ಮುಚ್ಚಿಕೊಂಡರು. ಶಿರಹಟ್ಟಿ ಬಸ್ಸು ಹತ್ತು ಗಂಟೆಗೆ ಬಿಡುತ್ತದೆ ಎಂದೆ, ಚಾಚಾ ತಿರುಗಿ ಹೇಳಿದ. ಮುಂಡರಗಿಯಲ್ಲಿ ಮಳೆ ಬಂತು ಎಂದೆ, ಹೇಳಿದ. ಚಪ್ಪಾಳೆ ಬಿತ್ತು. ಮೂರನೆಯ ವಾಕ್ಯಕ್ಕೆ ಬಾಯಿ ತೆರೆದೆ, ಕರೆಂಟು ಹೋಯಿತು.

ಸ್ಪೀಕರು ನಿಂತಿತು, ದೀಪ ಆರಿತು. ಹಾಲ್ ಕಗ್ಗತ್ತಲೆ, ಉಸಿರು ಕೇಳುವಷ್ಟು ನಿಶ್ಶಬ್ದ. ಡಬ್ಬಿಗೆ ತನ್ನದೇ ಬ್ಯಾಟರಿ ಇದೆ, ಗದ್ದಲವೂ ಇಲ್ಲ, ಇನ್ನೂ ಸಲೀಸಾಯಿತು ಎಂದುಕೊಂಡು ನಾನು ಧೈರ್ಯದಿಂದ, ಹುಲಕೋಟಿಯ ಶಾಲೆಗೆ ರಜೆ ಎಂದೆ. ಉತ್ತರ ಇಲ್ಲ. ಮತ್ತೊಮ್ಮೆ ಜೋರಾಗಿ ಹೇಳಿದೆ. ಕತ್ತಲೆಯಲ್ಲಿ ಚಾಚಾನ ದನಿ ಬಂತು.

"ಲೇ ಮಾಸ್ತರ, ಸುಮ್ನ ಯಾಕ ಕುಂತಿ? ಲೈಟ್ ಬರಲಿ ಅಂತೇನು?"

ಲೈಟು ಬಂತು. ಸ್ಪೀಕರು ಮತ್ತೆ ಬಡಿಯತೊಡಗಿತು. ನನ್ನ ಗಂಟಲಿನಿಂದ ಹೊರಟಿದ್ದೋ ಇಲ್ಲವೋ ಎಂಬಂತೆ ಆ ವಾಕ್ಯವನ್ನು ಇನ್ನೊಂದು ಸಲ ಅಂದೆ. ಚಾಚಾ ಕೂಡಲೇ, "ಹುಲಕೋಟಿ ಶಾಲಿಗೆ ರಜಾ" ಎಂದು ಖುಷಿಯಿಂದ ನಕ್ಕ. ಬಂದವರಲ್ಲಿ ಒಬ್ಬ ಹೆಣ್ಣುಮಗಳು ಎದ್ದು ಬಂದು, ಚಾಚಾನ ಕಿಸೆಯಿಂದ ಡಬ್ಬಿ ತೆಗೆದು ತಿರುಗಿಸಿ ನೋಡಿದಳು.

"ಸರ್, ಇದು ಆಫ್ ಇದೆಯಲ್ಲ?"

ಆವತ್ತು ಮಾತ್ರ ಅಲ್ಲ, ಮೊದಲ ದಿನದ ಮೊದಲ ಹತ್ತು ನಿಮಿಷ ಬಿಟ್ಟರೆ ಅದು ಯಾವತ್ತೂ ಚಾಲೂ ಆಗಿರಲೇ ಇಲ್ಲ. ಬಂದವರು ಚಹಾ ಕುಡಿದು, ಮುಂದಿನ ವರ್ಷ ನೋಡೋಣ ಎಂದು ಹೋದರು. ಅವರು ಬಾಗಿಲು ದಾಟುವವರೆಗೆ ನಗು ತಡೆದುಕೊಂಡಿದ್ದು ಅವರ ದೊಡ್ಡತನ. ನಾನು ಚಾಚಾನನ್ನು ಕಾರಿಡಾರಿನಲ್ಲಿ ಹಿಡಿದೆ.

"ಯಾಕ ಹಿಂಗ ಮಾಡಿದಿ?"

"ಹಚ್ಚಿದ್ರ ತಲಿ ಗುಂಯ್ ಅಂತಿತ್ತೋ. ಆದ್ರ ನಾ ಒಂದೊಂದ ಹೇಳಿದಾಗ ನಿನ್ನ ಮಾರಿ ಭಾಳ ಚಂದ ಕಾಣ್ತಿತ್ತು. ಯಾಕ ಕೆಡಸಬೇಕು ಅಂತ ಬಿಟ್ಟೆ."

ಇಂಥ ಪ್ರೀತಿಗೆ ಏನು ಮಾಡಬೇಕು? ನಾನಂತೂ ಬಾಯಿಗೆ ಬಂದದ್ದು ಅಂದು ಹತ್ತು ದಿನ ಮಾತು ಬಿಟ್ಟೆ. ಸಿಟ್ಟಿನಲ್ಲಿ ಕೂತು ಡಬ್ಬಿಯಲ್ಲಿ ಒಂದು ಹೊಸ ಏರ್ಪಾಡು ಮಾಡಿದೆ. ಯಾವ ದಿನ ಎಷ್ಟು ಗಂಟೆಗೆ ಚಾಲೂ ಮಾಡಿದರು, ಎಷ್ಟು ಗಂಟೆಗೆ ಬಂದ್ ಮಾಡಿದರು ಎಂಬುದನ್ನು ಡಬ್ಬಿ ತಾನೇ ಬರೆದಿಟ್ಟುಕೊಳ್ಳುತ್ತದೆ. ಮೋಸಕ್ಕೆ ಒಂದು ಬೀಗ ಹಾಕಿದೆ ಎಂದು ಸಮಾಧಾನ ಮಾಡಿಕೊಂಡೆ.

ಹನ್ನೊಂದನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಚಾಚಾ ರಸ್ತೆಯ ಆಚೆ ನಿಂತಿದ್ದ. ಮಾತಿಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದ, ತೋರುಬೆರಳು ಮುಂದಕ್ಕೆ ಚಿಮ್ಮಿದ. ಗಂಟು ಹಾಕಿದೆ, ಮಗ್ಗ ಬಿಡು. ನಮ್ಮ ಅಪ್ಪನ ಕಾಲದಿಂದ ಆ ಸನ್ನೆಗೆ ಇಲ್ಲ ಅಂದವರಿಲ್ಲ. ಒಳಗೆ ಕರೆದು ಚಹಾ ಕೊಟ್ಟೆ.

"ನಿನ್ನ ಮಷೀನಿಗೆ ನಮ್ಮ ಊರ ಗೊತ್ತಿಲ್ಲ," ಎಂದ ಚಾಚಾ. "ಅದಕ್ಕ ಬಸ್ ಸ್ಟ್ಯಾಂಡ್ ತೋರಸು, ಸಂತಿ ತೋರಸು. ನಾನೂ ಬರ್ತೀನಿ."

ಮುಂದಿನ ಆರು ತಿಂಗಳು ನಾವಿಬ್ಬರೂ ಗದ್ದಲ ಹುಡುಕಿಕೊಂಡು ಅಲೆದೆವು. ಗದಗಿನ ಬಸ್ ಸ್ಟ್ಯಾಂಡು, ಮುಂಡರಗಿಯ ಸಂತೆ, ಲಕ್ಷ್ಮೇಶ್ವರದ ಬಸ್ಸಿನ ಹಿಂದಿನ ಸೀಟು, ಶಿರಹಟ್ಟಿಯ ಒಂದು ಮದುವೆ ಹಾಲ್. ನಾನು ದೂರದಿಂದ ಧ್ವನಿ ಹಿಡಿಯುತ್ತಿದ್ದೆ. ಆ ಗಲಾಟೆಯಲ್ಲಿ ಮಂದಿ ಏನು ಮಾತಾಡಿದರು ಎಂಬುದು ಆಮೇಲೆ ಕೇಳಿದರೆ ನನಗೂ ಗೊತ್ತಾಗುತ್ತಿರಲಿಲ್ಲ, ಇನ್ನು ಮಷೀನು ಹೇಳಿದ್ದು ಸರಿಯೋ ತಪ್ಪೋ ನೋಡುವುದು ಹೇಗೆ? ಅಲ್ಲಿ ಚಾಚಾ ಬೇಕಾಗಿದ್ದ. ಪಕ್ಕದಲ್ಲಿ ಕೂತು, ಅವರ ತುಟಿ ನೋಡಿ, ಒಂದೊಂದೇ ಮಾತನ್ನು ನನಗೆ ಬರೆಸುತ್ತಿದ್ದ. ಅದೇ ನಮ್ಮ ಉತ್ತರ ಪತ್ರಿಕೆ. ಜಗತ್ತಿನಲ್ಲಿ ಇನ್ನಾರ ಹತ್ತಿರವೂ ಅಂಥ ಉತ್ತರ ಪತ್ರಿಕೆ ಇರಲಿಕ್ಕಿಲ್ಲ ಎಂದು ಈಗಲೂ ನನಗೆ ಹೆಮ್ಮೆ ಇದೆ.

ಆದರೆ ಚಾಚಾನ ಜೊತೆ ಕೂತು ಶಾಸ್ತ್ರಬದ್ಧವಾಗಿ ಕೆಲಸ ಮಾಡುವುದು ಸುಲಭವಲ್ಲ. ಶಿರಹಟ್ಟಿಯ ಮದುವೆಯಲ್ಲಿ ಗಂಡಿನ ಸೋದರಮಾವ ದೂರದ ಪಂಕ್ತಿಯಲ್ಲಿ ಕೂತು, ಸಾರಿನಲ್ಲಿ ಬೇಳೆ ಹುಡುಕಲು ಮುಳುಗುವವನನ್ನು ಕರೆಸಬೇಕು ಎಂದದ್ದನ್ನು ಚಾಚಾ ಬರೆಸಿದ. ಬರೆಸಿ ಸುಮ್ಮನಿರಲಿಲ್ಲ, ಎದ್ದು ಹೋಗಿ ಬಡಿಸುವವನ ಕೈಯಿಂದ ಬಕೆಟ್ಟು ಇಸಿದುಕೊಂಡು ತಳದಿಂದ ಎತ್ತಿ ಅವನ ಎಲೆಗೆ ಸುರಿದು ಬಂದ. ಮುಂಡರಗಿ ಬಸ್ಸಿನಲ್ಲಿ ಕಂಡಕ್ಟರು ಡ್ರೈವರಿಗೆ ಅಂದದ್ದನ್ನು ನಾನು ಬರೆಯಲೇ ಇಲ್ಲ. "ಬರಿ, ಬರಿ, ಮಷೀನಿಗೆ ಎಲ್ಲಾ ತಿಳೀಬೇಕು" ಎಂದು ಚಾಚಾ ಒತ್ತಾಯ ಮಾಡಿದ. ಮಂದಿಯ ಮನೆಯ ಮಾತೆಲ್ಲ ನಮ್ಮ ಹತ್ತಿರ ಇರಬಾರದು ಎಂದು ಕೆಲಸ ಮುಗಿದ ಮೇಲೆ ಎಲ್ಲ ಅಳಿಸಿದೆ. ಅಳಿಸುವ ಮೊದಲು ಎರಡು ಮೂರನ್ನು ಇಬ್ಬರೂ ಇನ್ನೊಂದು ಸಲ ಓದಿ ನಕ್ಕಿದ್ದು ನಿಜ.

ನಡುವೆ ಮಷೀನು ಕಲಿಯುತ್ತಿತ್ತು. ನಮ್ಮ ಕಡೆಯ ಮಾತು, ನಮ್ಮ ಕಡೆಯ ಗದ್ದಲ, ನಾಲ್ಕು ಸಲ ಕೆಟ್ಟು ಐದನೆಯ ಸಲ ತಕ್ಕಮಟ್ಟಿಗೆ ಹದಕ್ಕೆ ಬಂತು. ಈಗ ನಾನು ಬುದ್ಧಿವಂತನಾಗಿದ್ದೆ. ಡಬ್ಬಿ ಚಾಲೂ ಇರುವುದನ್ನು ನೋಡಿ, ಮಗ್ಗದ ಸದ್ದು ಹಚ್ಚಿ, ಚಾಚಾನಿಗೆ ಬೆನ್ನು ತಿರುಗಿಸಿ ನಿಂತು ಮೆಲ್ಲಗೆ, ಬೆಟಗೇರಿಯಲ್ಲಿ ಇವತ್ತು ನೀರು ಬಿಟ್ಟಿದ್ದಾರೆ ಎಂದೆ.

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಹಿಂದಿನಿಂದ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, "ನೀರ ಬಿಟ್ಟಾರ" ಎಂದ. ನಾನು ತಿರುಗಿ ನೋಡಿದರೆ ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ, ನೆಲ ನೋಡುತ್ತಿದ್ದ. ನನಗೆ ಅಳು ಬಂತು. ಬಂತು ಎಂದು ಬರೆಯಲು ನಾಚಿಕೆಯಿಲ್ಲ. ಚಾಚಾ ಮಾತ್ರ ಡಬ್ಬಿಯನ್ನು ಕಿಸೆಯಿಂದ ತೆಗೆದು ಅಂಗೈಯಲ್ಲಿ ತೂಗಿದ.

"ಬೆನ್ನ ಮಾಡಿ ನಿಂತವರದೂ ಕೇಳಸ್ತೈತಿ ಅಂದಂಗಾತು."

"ಹೂಂ."

"ಗ್ವಾಡಿಗೆ ಮಾರಿ ಮಾಡಿ ಅಂದದ್ದೂ?"

"ಎಲ್ಲಾ ಸಲ ಅಲ್ಲ. ಹತ್ತರಾಗ ಆರು, ಏಳು."

"ಸಾಕು. ಇವತ್ತ ಮನಿಗೆ ಒಯ್ತೀನಿ. ನಿಮ್ಮ ಚಾಚಿಗೆ, ಇದು ನಡಿಯೂದಿಲ್ಲ, ಮಾಸ್ತರನ ಸಮಾಧಾನಕ್ಕ ಹಾಕ್ಕೊಂಡೀನಿ ಅಂತ ಹೇಳ್ತೀನಿ. ನೀ ಬಾಯಿ ಬಿಟ್ರ ನೋಡು."

ಮರುದಿನ ಬಂದು ಕೂತವನು ಮೊದಲು ಸುಮ್ಮನೆ ನಕ್ಕ, ಭುಜ ಅಲ್ಲಾಡುವ ತನಕ ನಕ್ಕ. "ಒಲಿ ಮ್ಯಾಲ ಇಟ್ರ ಕುದಿಯೂದಿಲ್ಲ, ಇಳಿಸಿದ್ರ ಆರೂದಿಲ್ಲ ಅಂತ, ಅಂಥಾ ಗಂಜಿ ಅಂತ ನಾನು. ಕೇಳಿಯೇನು ಇಂಥಾದ್ದು ಎಲ್ಲೆರ?" ಅಂದಿನಿಂದ ದಿನಾ ಒಂದೊಂದು ತಂದು ಒಪ್ಪಿಸುತ್ತಿದ್ದ. ಎಣ್ಣೆ ಕಾಣದ ಮಗ್ಗ ಅಂದಳಂತೆ. ಅಲ್ಲಾ ಕಿವಿ ತಗೊಂಡು ನಾಲಿಗೆ ಬಿಟ್ಟ, ಲೆಕ್ಕ ತಪ್ಪಿದ ಅಂದಳಂತೆ. ಇಷ್ಟು ವರ್ಷ ಇಂಥ ಸಂಪತ್ತು ಬರೀ ಗೋಡೆಯ ಪಾಲಾಯಿತಲ್ಲ ಎಂದು ಅವನಿಗೆ ನಿಜವಾಗಿ ಹೊಟ್ಟೆ ಉರಿಯುತ್ತಿತ್ತು. ಶೆಡ್ಡಿನ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನಿಗಿದ್ದ ದೊಡ್ಡ ಸುಖ ಅದೊಂದೇ.

ಒಂದು ಸಲ ಮಾತ್ರ ಸಿಕ್ಕಿಬೀಳುವುದರಲ್ಲಿದ್ದ. ಹಿತ್ತಲಿನ ನಳ ಸೋರಿ ತಿಂಗಳಾಯಿತು, ಊರಿನ ಮಗ್ಗ ರಿಪೇರಿ ಮಾಡಿದ ಮನುಷ್ಯನಿಗೆ ಮನೆಯ ನಳ ಕಾಣುವುದಿಲ್ಲ ಎಂದು ಚಾಚಿ ಗೋಡೆಗೆ ಹೇಳಿದಳು. ಚಾಚಾ ಮರುದಿನ ಬೆಳಿಗ್ಗೆ ಎದ್ದವನೇ ಪಾನಾ ಹಿಡಿದು ನಳ ಸರಿ ಮಾಡಿದ. ಮಾಡಿ, ಕೈ ಒರೆಸಿಕೊಳ್ಳುವಾಗ ತಲೆಗೆ ಹೊಳೆಯಿತು. ಗುಟ್ಟು ಹೊರಬಿತ್ತಲ್ಲ. ಮತ್ತೆ ಕೂತು ನಳ ಬಿಚ್ಚಿ, ಮೊದಲಿನ ಹಾಗೆ ಸೋರುವಂತೆ ಮಾಡಿ ಎದ್ದ. ಅದೂ ಬಹಳ ನಾಜೂಕಿನ ಕೆಲಸವಾಗಿತ್ತಂತೆ, ಎಷ್ಟು ಹನಿ ಬೀಳುತ್ತಿತ್ತೋ ಅಷ್ಟೇ ಬೀಳಬೇಕಲ್ಲ.

ಕಳೆದ ಚಳಿಗಾಲದಲ್ಲಿ ಚಾಚಾನ ಎದೆ ಕೈಕೊಟ್ಟಿತು. ಗದಗಿನ ಒಂದು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ನಾಲ್ಕು ದಿನ ಇದ್ದ. ಮೂಗಿಗೆ ನಳಿಕೆ, ಮಾತಾಡಬಾರದು ಎಂದು ಡಾಕ್ಟರ ತಾಕೀತು. ಚಾಚಾನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ನಾನು ಹೋದಾಗಲೆಲ್ಲ ಡಬ್ಬಿ ದಿಂಬಿನ ಪಕ್ಕದಲ್ಲಿ, ವೈರು ಕಿವಿಯಲ್ಲಿ. ಐದನೆಯ ದಿನ ಬೆಳಿಗ್ಗೆ ಹೋದ. ನಾನು ಆವತ್ತು ಪರೀಕ್ಷೆಯ ಕೆಲಸಕ್ಕೆಂದು ಪರವೂರಿನಲ್ಲಿದ್ದೆ. ಮಣ್ಣಿಗೂ ಸಿಗಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ನಲವತ್ತನೆಯ ದಿನದ ಊಟ ಆದ ಮೇಲೆ ಚಾಚಿ ನನ್ನನ್ನು ಕರೆಸಿದಳು. ಅಡುಗೆಮನೆಯಲ್ಲಿ ಅದೇ ಗೋಡೆಯ ಪಕ್ಕ ಕೂತಿದ್ದಳು. ಮುಂದೆ ಡಬ್ಬಿ, ಒಂದು ಕರವಸ್ತ್ರದಲ್ಲಿ ಸುತ್ತಿದ್ದು.

"ತಮ್ಮಾ, ಖರೆ ಹೇಳು. ಇದು ನಡೀತಿತ್ತೇನು?"

ನಡೆಯುತ್ತಿತ್ತು ಎಂದರೆ ಗಂಡ ಎಲ್ಲ ಕೇಳಿಸಿಕೊಂಡ ಎಂದು ಈ ಹೆಂಗಸು ಉಳಿದ ಆಯುಷ್ಯವೆಲ್ಲ ಕೊರಗಬೇಕು. ಇಲ್ಲ ಎಂದರೆ ನನ್ನ ಜೀವಮಾನದಲ್ಲಿ ನಡೆದ ಒಂದೇ ಒಂದು ಮಷೀನನ್ನು ನಾನೇ ಕೊಂದಂತೆ. ಕೊಂದೆ.

"ಇಲ್ಲ ಚಾಚಿ, ಏನೂ ನಡೀತಿರಲಿಲ್ಲ. ನನ್ನ ಸಮಾಧಾನಕ್ಕ ಹಾಕ್ಕೊಂಡಿದ್ದ."

ಚಾಚಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಅಂವನೂ ಹಿಂಗ ಸುಳ್ಳ ಹೇಳ್ತಿದ್ದ, ನೀನೂ ಕಲತಿ. ನಳ ರಿಪೇರಿ ಮಾಡಿ ಮತ್ತ ತಾನ ಬಿಚ್ಚಿಟ್ಟ ಶಾಣ್ಯಾ ಅಂವ. ಹಿತ್ತಲ ಕಿಡಕ್ಯಾಗ ನಿಂತು ಎಲ್ಲಾ ನೋಡೀನಿ. ಅವತ್ತಿನಿಂದ ಗೊತ್ತೈತಿ ನನಗ."

"ಗೊತ್ತಿದ್ದೂ ಬೈದೇನು?"

"ಕೇಳಾಕ ಮನಶ್ಯಾ ಸಿಕ್ಕ ಮ್ಯಾಲ ಇನ್ನೂ ಚಂದ ಬೈದೆ. ಗ್ವಾಡಿ ನಗ್ತಿರಲಿಲ್ಲ, ಅಂವ ನಗ್ತಿದ್ದ." ಕರವಸ್ತ್ರ ಬಿಚ್ಚಿ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು. "ನಾ ಕೇಳೂದು ಅದಲ್ಲ. ದವಾಖಾನ್ಯಾಗ, ನಾಕನೇ ದಿನ, ಮಧ್ಯಾಹ್ನದ ನಮಾಜ ಆದ ಮ್ಯಾಲ ಗ್ವಾಡಿಗೆ ತಿರುಗಿ ಒಂದ ಮಾತ ಹೇಳಿದೆ. ಎದುರಿಗೆ ಹ್ಯಾಂಗ ಹೇಳೂದು, ಎಂದೂ ಹೇಳಿದಾಕಿ ಅಲ್ಲ. ಆವಾಗ ಇದು ಚಾಲೂ ಇತ್ತೇನು, ನೋಡಾಕ ಬರ್ತಿದ್ರ ಅಷ್ಟ ನೋಡಿ ಹೇಳು."

ಏನು ಹೇಳಿದೆ ಎಂದು ಕೇಳಿದೆ. ಚಾಚಿ ನನಗೂ ನೇರ ಹೇಳಲಿಲ್ಲ, ಒಲೆಯ ಕಡೆ ಮುಖ ಮಾಡಿದಳು.

"ಇಷ್ಟ ವರ್ಷ ನಿಮಗ ಬೈದದ್ದರಾಗ ಅರ್ಧಾ ಸುಳ್ಳರಿ ಅಂದೆ. ಅರ್ಧಾ ಖರೆ, ಅದನ್ನ ವಾಪಸ್ ತಗೊಳ್ಳೂದಿಲ್ಲ. ಅರ್ಧಾ ಸುಳ್ಳ."

ಡಬ್ಬಿಯನ್ನು ಮನೆಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಮೋಸ ಹಿಡಿಯಲು ಸಿಟ್ಟಿನಲ್ಲಿ ಮಾಡಿದ್ದ ಏರ್ಪಾಡು ಅದು, ಅಷ್ಟು ದಿನದಲ್ಲಿ ಒಮ್ಮೆಯೂ ತೆರೆದು ನೋಡಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಚಾಲೂ ಆಗಿದೆ, ಸಂಜೆ ಆರರ ತನಕ ಒಂದು ಸಲವೂ ಬಂದ್ ಆಗಿಲ್ಲ. ತಿರುಗಿ ಹೋಗಿ ಚಾಚಿಗೆ ಹೇಳಿದೆ. ಆಕೆಯ ಮುಖ ಅರಳಿತು, ಅದನ್ನು ನೋಡಿ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಸಲ ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದೆ.

"ಚಾಲೂ ಇತ್ತು ಚಾಚಿ. ಆದ್ರ ಕೇಳಸ್ತೋ ಇಲ್ಲೋ ಹೇಳಾಕ ಬರೂದಿಲ್ಲ. ವಾರ್ಡಿನ್ಯಾಗ ಟಿವಿ ಇತ್ತು, ಮಂದಿ ಇತ್ತು. ಹತ್ತರಾಗ ಆರು ಏಳ ಸಲ ಅಷ್ಟ ಹಿಡೀತೈತಿ ಇದು."

ಚಾಚಿ ತಲೆಯಾಡಿಸಿದಳು. "ಹೌದ ಬಿಡು, ಕೇಳಿರಲಿಕ್ಕಿಲ್ಲ. ಕೇಳಿದ್ರ ಹಂಗ ಮಾಡ್ತಿದ್ನೇನು? ನಾ ಇಷ್ಟ ದೊಡ್ಡ ಮಾತ ಹೇಳಿ ಹೊಳ್ಳಿ ನೋಡಿದ್ರ ಈ ಮನಶ್ಯಾ ನಸ್ಯಾ ಕೇಳಾಕತ್ತಿದ್ದ. ಮೂಗಿನ್ಯಾಗ ನಳಿಗಿ ಐತಿ, ನಸ್ಯಾ ಬೇಕಂತ. ಸಾಯೂ ಹೊತ್ತಿನ್ಯಾಗೂ ನಿಮಗ ಅದರದ ಚಿಂತಿ ಏನು ಅಂತ ಮಾರಿ ಮ್ಯಾಲ ಬೈದೆ. ಅದ ಕಡೀ ಮಾತಾತು."

"ನಸ್ಯಾ ಕೇಳಿದ್ನೇನು? ಬಾಯಿಲೆ?"

"ಬಾಯಿಲೆ ಎಲ್ಲಿ, ಮಾತಾಡಬ್ಯಾಡ ಅಂದಿದ್ರೆಲ್ಲ. ಹಿಂಗ ಕೈಲೆ" ಎಂದು ಚಾಚಿ ತೋರಿಸಿದಳು. ಹೆಬ್ಬೆರಳು ತೋರುಬೆರಳು ಕೂಡಿಸಿ ಚಿಟಿಕೆ ಹಿಡಿದಂತೆ ಹೊಸೆದಳು. "ಆಮ್ಯಾಲ ಹಿಂಗ, ಹೊರಗಿಂದ ತಗೊಂಬಾ ಅಂತ." ತೋರುಬೆರಳನ್ನು ಮುಂದಕ್ಕೆ ಚಿಮ್ಮಿದಳು.

ಇನ್ನೊಂದು ಸಲ ತೋರಿಸು ಎಂದೆ, ತೋರಿಸಿದಳು. ಶೆಡ್ಡಿನ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದ ಮಾತನ್ನು ಚಾಚಾ ಬಾಯಿ ಕಟ್ಟಿದ ದಿನ ಒಂದೇ ಒಂದು ಸಲ ಮನೆಯವಳಿಗೆ ಆಡಿದ್ದ. ಆಕೆಗೆ ಅದು ತಿಳಿಯಲು ದಾರಿಯೇ ಇರಲಿಲ್ಲ. ನಾನು ಹೇಳಿದೆ. ಎಳೆ ಹರಿದಾಗ ನೇಕಾರರು ಏನು ಮಾಡುತ್ತಾರೆ, ಜಗಳ ಆದ ದಿನ ಸಂಜೆ ಏನು ಮಾಡುತ್ತಾರೆ, ಹತ್ತು ದಿನ ಮಾತು ಬಿಟ್ಟ ನನ್ನ ಬಾಗಿಲಿಗೆ ಬಂದು ಚಾಚಾ ಏನು ಮಾಡಿದ, ಎಲ್ಲ ಹೇಳಿದೆ. ಗಂಟು ಹಾಕಿದೆ, ಮಗ್ಗ ಬಿಡು. ಚಾಚಾ ಕೇಳಿಸಿಕೊಂಡಿದ್ದ, ಚಾಚಿ, ಎಲ್ಲ ಕೇಳಿಸಿಕೊಂಡಿದ್ದ ಎಂದೆ.

ಚಾಚಿ ಅಳಲಿಲ್ಲ. ತನ್ನ ಎರಡು ಬೆರಳುಗಳನ್ನು ಕೂಡಿಸಿ ಮೆಲ್ಲಗೆ ಒಂದು ಸಲ ಹೊಸೆದು ನೋಡಿದಳು. ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಅದರ ಸ್ವಿಚ್ಚು ಯಾವುದೆಂದು ನನ್ನನ್ನು ಕೇಳಿ ಚಾಲೂ ಮಾಡಿ, ಮಡಿಲಲ್ಲಿ ಇಟ್ಟುಕೊಂಡು, ಗೋಡೆಗೆ ಮುಖ ತಿರುಗಿಸಿದಳು.

"ನಸ್ಯಾಕ್ಕ ಬೈದದ್ದನ್ನೂ ಆ ಸುಳ್ಳಿನ ಅರ್ಧಕ್ಕ ಸೇರಿಸ್ಕೊರಿ" ಎಂದಳು.